ಸಾನ್ಯಾಲ ಸಾಹೇಬರ ಪಕ್ಕದ ಜಾಗ

ತಂಗಿಯ ಮೊಮ್ಮಗಳು ಹೋದ ತಿಂಗಳು ಬೆಳಗಾವಿ ಕಡೆಯ ಒಂದು ಕಾರ್ಖಾನೆಗೆ ಟ್ರೇನಿ ಎಂದು ಸೇರಿದಳು. ಮೊದಲ ವಾರ ಪಾಠ ಮಾಡಲು ಬಂದವರು, ಕೆಲಸ ಕಲಿಯುವುದು ಅರ್ಧ, ಮೇಲಿನವರ ಪರಿಚಯ ಬೆಳೆಸುವುದು ಇನ್ನರ್ಧ ಎಂದು ಹೇಳಿದರಂತೆ. ಅದಕ್ಕೊಂದು ಇಂಗ್ಲಿಷ್ ಹೆಸರೂ ಇದೆಯಂತೆ. 'ಮುತ್ಯಾ, ನಿಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲ ಬಿಡು' ಎಂದಳು. ಇತ್ತು. ನಾವು ಅದಕ್ಕೆ ವಶೀಲಿ ಅನ್ನುತ್ತಿದ್ದೆವು. ಅವಳಿಗೆ ಫೋನಿನಲ್ಲೇ ಹೇಳಲು ಹೊರಟೆ, ಅಷ್ಟರಲ್ಲಿ ಅವಳ ಬಸ್ಸು ಬಂತು. ಹೀಗಾಗಿ ಬರೆಯಲು ಕೂತಿದ್ದೇನೆ. ಬೋಧನೆ ಇಲ್ಲ. ನನಗೆ ಆದದ್ದನ್ನು ಹೇಳುತ್ತೇನೆ, ಅವಳಂಥವರು ಏನು ಬೇಕೋ ತಗೊಳ್ಳಲಿ.

ನಾನು ಮುಂಡಗೋಡ ತಾಲೂಕಿನ ಪಾಳಾದವನು, ಹೆಸರು ಚನ್ನವೀರಪ್ಪ. ಮನೆಯಲ್ಲಿ ಭತ್ತದ ಗದ್ದೆ ಇತ್ತು, ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಣ್ಣಂದಿರಿದ್ದರು. ಚಿಕ್ಕಂದಿನಿಂದ ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಮಧ್ಯೆ ಎರಡು ಸಲ ಏಳುವವನು. ಅವ್ವ 'ಇವಗ ಕಾಲಾಗ ಚಕ್ರ ಐತಿ' ಎನ್ನುತ್ತಿದ್ದಳು. ಹೈಸ್ಕೂಲು ಮುಗಿಯುವ ಹೊತ್ತಿಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಏಳುತ್ತಿದೆ ಎಂಬ ಸುದ್ದಿ ನಮ್ಮ ಕಡೆಗೂ ಬಂತು. ಧಾರವಾಡದಿಂದ, ಬೆಳಗಾವಿ ಕಡೆಯಿಂದ ಜನ ಟ್ರಂಕು ಹಾಸಿಗೆ ಕಟ್ಟಿಕೊಂಡು ಹೊರಟಿದ್ದರು. ನಾನೂ ಹೊರಟೆ. ಅದು ಐವತ್ತರ ದಶಕದ ಕೊನೆ.

ನನ್ನನ್ನು ಹಾಕಿದ್ದು ಬಿದಿರಿನ ಯಾರ್ಡಿಗೆ. ಕುಳಗಿ ಕಡೆಯಿಂದ, ಜೋಯಿಡಾದ ಕಾಡಿನಿಂದ ಲಾರಿಗಳು ಬಿದಿರು ತುಂಬಿಕೊಂಡು ಬರುತ್ತಿದ್ದವು. ಹಮಾಲರು ಅದನ್ನು ಇಳಿಸಿ ಎತ್ತರಕ್ಕೆ ಒಟ್ಟುತ್ತಿದ್ದರು. ಹುಲ್ಲಿನ ಬಣವಿಯ ಹಾಗೇ ಇರುತ್ತಿದ್ದುದರಿಂದ ಅದಕ್ಕೂ ನಾವು ಬಣವಿ ಎಂದೇ ಅನ್ನುತ್ತಿದ್ದೆವು. ಯಾವ ಬಣವಿ ಮೊದಲು ಒಡೆಯಬೇಕು, ಯಾವುದರ ಬುಡಕ್ಕೆ ನೀರು ಬಂದಿದೆ, ಯಾವ ಮಾಲಿಗೆ ಹುಳ ಹತ್ತಿದೆ ಎಂದು ನೋಡಿಕೊಂಡು, ಬಿದಿರು ಚೂರು ಮಾಡುವ ಯಂತ್ರಕ್ಕೆ ತಡೆಯಿಲ್ಲದೆ ಮಾಲು ಕಳಿಸುವುದು ನಮ್ಮ ಕೆಲಸ. ಕುರ್ಚಿ ಇರಲಿಲ್ಲ. ದಿನವಿಡೀ ಅಡ್ಡಾಡುವುದೇ. ನನ್ನಂಥವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಯಾರ್ಡಿನ ಮುಖ್ಯಸ್ಥರು ಕುಲಕರ್ಣಿಯವರು. ಸಣ್ಣ ಆಳು, ದೊಡ್ಡ ಗಂಟಲು. ಅವರು ಬೈಯುವುದು ಯಾರ್ಡಿನ ಆ ತುದಿಗೂ ಕೇಳುತ್ತಿತ್ತು. ಆದರೆ ಬೈಗುಳದ ಒಳಗೇ ಪಾಠ ಇರುತ್ತಿತ್ತು. 'ಕಣ್ಣೀಲೆ ನೋಡಬ್ಯಾಡೋ, ಬಡದು ಕೇಳು. ಒಣಗಿದ್ದು ಒಂದು ದನಿ, ಕೊಳತದ್ದು ಒಂದು ದನಿ' ಎನ್ನುತ್ತ ಬಿದಿರಿಗೆ ಕೋಲಿನಿಂದ ಬಡಿದು ತೋರಿಸುವರು. ಮೊದಲೆರಡು ವರ್ಷ ಅವರ ಬಾಯಿಗೆ ಬೀಳದ ದಿನವೇ ಇರಲಿಲ್ಲ. ನಾನು ಕಲಿತದ್ದೆಲ್ಲ ಆ ಎರಡು ವರ್ಷಗಳಲ್ಲೇ.

ಅಷ್ಟರಲ್ಲಿ ಮದುವೆಯಾಯಿತು. ಹೆಂಡತಿ ನೀಲವ್ವ ಹಳಿಯಾಳದವಳು. ಮಾವ ಗುರುಸಿದ್ದಪ್ಪನವರು ಹಳಿಯಾಳದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವವರು. ದೇವರಲ್ಲಿ ಎಷ್ಟು ನಂಬಿಕೆಯೋ ವಶೀಲಿಯಲ್ಲೂ ಅಷ್ಟೇ ನಂಬಿಕೆ. ಯಾರ್ಡಿಗೆ ಒಬ್ಬ ಫೋರ್ಮನ್ ಬೇಕಾಗುತ್ತಾನೆ, ಕುಲಕರ್ಣಿಯವರ ಕೈಕೆಳಗೆ, ಎಂಬ ಮಾತು ಹಬ್ಬಿದಾಗ ಅವರು ಒಂದು ಬೆಳಗ್ಗೆ ಬಸ್ಸಿಳಿದು ನಮ್ಮ ಮನೆಗೆ ಬಂದರು. ಚಹಾ ಕುಡಿಯುವ ಮೊದಲೇ ಶುರು ಮಾಡಿದರು.

'ಅಳಿಯಂದ್ರ, ಕೆಲಸ ಮಾಡಿದ್ರ ಪಗಾರ ಬರ್ತೈತಿ. ಮ್ಯಾಲೆ ಹೋಗಬೇಕಂದ್ರ ಮ್ಯಾಲಿನವರು ಯಾರರ ಕೈ ಕೊಡಬೇಕು. ನೀವು ಬರೇ ಬಿದರಿನ ಸುತ್ತ ತಿರಗತೀರಿ.'

ಅವರೇ ನನ್ನನ್ನು ಹಳಿಯಾಳದ ಮುಂದಾಳುಗಳೊಬ್ಬರ ಮನೆಗೆ ಕರೆದುಕೊಂಡು ಹೋದರು. ಒಂದು ಡಬ್ಬಿ ತುಪ್ಪ, ಒಂದು ಬುಟ್ಟಿ ಮಾವಿನಹಣ್ಣು. ಪಡಸಾಲೆಯಲ್ಲಿ ನಮ್ಮಂಥವರೇ ತುಂಬಿದ್ದರು. ಎಲ್ಲರ ಕಾಲ ಬಳಿ ಒಂದೊಂದು ಡಬ್ಬಿ. ನಾನು ಕೂರಲಾರದೆ ಅಂಗಳಕ್ಕೂ ಪಡಸಾಲೆಗೂ ತಿರುಗುತ್ತಿದ್ದೆ. ಮಾವ ಕಣ್ಣಿನಲ್ಲೇ ಬೈದು ಕೂರಿಸಿದರು. ಬಿಸಿಲು ಏರಿದ ಮೇಲೆ ನಮ್ಮ ಪಾಳಿ ಬಂತು. ಮುಂದಾಳುಗಳು ನನ್ನನ್ನು ಒಮ್ಮೆ ನೋಡಿ, ನನಗೆ ಎಲ್ಲಾ ಗೊತ್ತೈತಿ, ಈ ಮಾಸ್ತರರನ್ನು ಮಳೆಗಾಲದ ಒಳಗೆ ಊರ ಹತ್ತಿರದ ಸಾಲೆಗೆ ಹಾಕಿಸಿಕೊಡುತ್ತೇನೆ ಎಂದರು. ನಾನು ಬಾಯಿ ತೆರೆದೆ. ಮಾವ ನನ್ನ ಕೈ ಅಮುಕಿ, ತಾವೇ ಕೈಮುಗಿದು, ದೊಡ್ಡ ಉಪಕಾರ ಆತ್ರಿ ಎಂದು ಎಬ್ಬಿಸಿಕೊಂಡು ಬಂದರು. ಹೊರಗೆ ಬಂದ ಮೇಲೆ, ಯಾಕೆ ತಿದ್ದಲಿಲ್ಲ ಎಂದು ಕೇಳಿದೆ. ದೊಡ್ಡವರು ಒಮ್ಮೆ ಮಾತು ಕೊಟ್ಟ ಮೇಲೆ ತಪ್ಪು ಎನ್ನಬಾರದು, ಮುಂದೆ ಬೇರೆ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದರು. ಯಾವ ಮಾಸ್ತರರ ಪಾಲಿನ ಆಶೀರ್ವಾದ ನಾನು ಪಡೆದು ಬಂದೆನೋ ಗೊತ್ತಿಲ್ಲ.

ಆಮೇಲೆ ಒಂದು ರವಿವಾರ, ಯಾರ ವಶೀಲಿಯೂ ಇಲ್ಲದೆ, ಕಾಳೀ ನದಿಯ ದಂಡೆಯ ಮೇಲೆ ನಡೆದು ಹೋಗುತ್ತಿದ್ದೆ. ರಜೆಯ ದಿನ ಮನೆಯಲ್ಲಿ ಇರಲಾಗದೆ ಹಾಗೆ ಹೊರಟುಬಿಡುವುದು ನನ್ನ ಅಭ್ಯಾಸ. ಊರು ದಾಟಿದ ಮೇಲೆ ಮರದ ನೆರಳಲ್ಲಿ ಒಂದು ಜೀಪು ನಿಂತಿತ್ತು. ನೀರಿನ ಅಂಚಿನಲ್ಲಿ ಕಾರ್ಖಾನೆಯ ಮ್ಯಾನೇಜರು ಸಾನ್ಯಾಲ ಸಾಹೇಬರು ಗಾಳದ ಕೋಲು ಹಿಡಿದು ಎಳೆದಾಡುತ್ತಿದ್ದರು. ಬಂಗಾಲದವರು, ಎತ್ತರದ ಮನುಷ್ಯ, ಕಾರ್ಖಾನೆಯಲ್ಲಿ ಅವರನ್ನು ನಾನು ದೂರದಿಂದ ಮಾತ್ರ ನೋಡಿದ್ದೆ. ಗಾಳದ ದಾರ ನೀರೊಳಗಿನ ಬೇರಿಗೆ ಸಿಕ್ಕಿಕೊಂಡಿತ್ತು. ಡ್ರೈವರ್ ಕಾಸೀಮ, ನೀರಿನಲ್ಲಿ ಮೊಸಳೆ ಇರ್ತಾವ ಎಂದು ಇಳಿಯಲು ಒಪ್ಪದೆ ನಿಂತಿದ್ದ. ನನಗೆ ಆ ಎಳೆದಾಟ ನೋಡುತ್ತ ನಿಲ್ಲಲಾಗಲಿಲ್ಲ. ಧೋತರ ಎತ್ತಿ ಕಟ್ಟಿ ಇಳಿದು, ಬೇರು ಸರಿಸಿ ದಾರ ಬಿಡಿಸಿ ಕೊಟ್ಟು ಬಂದೆ. ಸಾಹೇಬರು ಹೆಸರು ಕೇಳಿದರು, ಯಾವ ವಿಭಾಗ ಎಂದು ಕೇಳಿದರು, ಮತ್ತೆ ನೀರು ನೋಡುತ್ತ ಕೂತರು. ಅಷ್ಟೇ.

ಮುಂದಿನ ರವಿವಾರ ಜೀಪು ನಮ್ಮ ಲೈನಿಗೆ ಬಂತು. ಕಾಸೀಮ ಇಳಿದು, ಸಾಹೇಬರು ಕರೀತಾರ್ರಿ, ನಡೀರಿ ಎಂದ. ಸಾಲುಮನೆಗಳ ಬಾಗಿಲಲ್ಲೆಲ್ಲ ಜನ. ಒಲೆಯ ಮುಂದಿದ್ದ ನೀಲವ್ವನಿಗೆ ಮೊದಲು ಅಂಜಿಕೆ, ಏನು ತಪ್ಪು ಮಾಡಿದಿರಿ ಎಂದಳು. ಮೀನು ಹಿಡಿಯಲು ಕರೆಯುತ್ತಿದ್ದಾರೆ ಎಂದು ತಿಳಿದ ಮೇಲೆ ಅದಕ್ಕಿಂತ ದೊಡ್ಡ ಸಂಕಟ. ನಾವು ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನೆತನದವರು. ಹೋಗಬೇಡಿ ಎನ್ನಲು ಅವಳಿಗೆ ಧೈರ್ಯ ಇರಲಿಲ್ಲ, ಹೋಗಿರಿ ಎನ್ನಲು ಮನಸ್ಸಿರಲಿಲ್ಲ. ಕೊನೆಗೆ ಒಂದು ಹಳೆಯ ಅಂಗಿ ಧೋತರ ತೆಗೆದುಕೊಟ್ಟು, ಬಂದ ಮೇಲೆ ಹಿತ್ತಲಲ್ಲಿ ಜಳಕ ಮಾಡಿ ಒಳಗೆ ಬರ್ರಿ ಎಂದಳು. ಮಾವನಿಗೆ ಸುದ್ದಿ ಮುಟ್ಟಿದಾಗ ಅವರು ಮೀನಿನ ಮಾತೇ ಎತ್ತಲಿಲ್ಲ. 'ಶಿವಾ ಕಣ್ಣು ಬಿಟ್ಟ' ಎಂದರಂತೆ.

ಹೀಗೆ ನನ್ನ ರವಿವಾರಗಳು ಶುರುವಾದವು. ಮೊದಲ ದಿನವೇ ಸಾಹೇಬರಿಗೆ ಹೇಳಿಬಿಟ್ಟೆ, ಕೋಲು ಹಿಡಿಯುತ್ತೇನೆ, ಗೋಧಿಹಿಟ್ಟು ನಾದಿ ಗಾಳಕ್ಕೆ ಉಂಡೆ ಕಟ್ಟಿಕೊಡುತ್ತೇನೆ, ಮೀನು ಮಾತ್ರ ಮುಟ್ಟುವುದಿಲ್ಲ ಎಂದು. ಅವರು ನಗಲಿಲ್ಲ. ಕಾಸೀಮನಿಗೆ, ಬಿಡಿಸುವ ಕೆಲಸ ಇನ್ನು ನಿನ್ನದು ಎಂದರು. ಸಾಹೇಬರೂ ನಾನೂ ಎರಡು ಮಾರು ದೂರದಲ್ಲಿ ಕೂರುತ್ತಿದ್ದೆವು. ಅವರು ಮೀನು ಸಿಗಲಿ ಎಂದು ಕಾಯುತ್ತಿದ್ದರು, ನನ್ನ ಗಾಳಕ್ಕೆ ಮಾತ್ರ ಸಿಗದಿರಲಪ್ಪಾ ಎಂದು ನಾನು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ.

ಸುಮ್ಮನೆ ಕೂರುವ ಆ ಹೊತ್ತು ನನಗೆ ಜ್ವರ ಬಂದ ಹಾಗೆ ಆಗುತ್ತಿತ್ತು. ನೀರಿನ ಮೇಲೆ ತೇಲುವ ಬೆಂಡು ನೋಡುತ್ತ ಅವರು ತಾಸುಗಟ್ಟಲೆ ಅಲ್ಲಾಡದೆ ಇರುವರು. ನನ್ನ ಕಾಲು ಜೋಮು ಹಿಡಿಯುತ್ತಿತ್ತು, ಬೆನ್ನಲ್ಲಿ ಇರುವೆ ಹರಿದ ಹಾಗೆ. ಇದೆಲ್ಲದರ ಮೇಲೆ ತಲೆಯಲ್ಲಿ ಒಂದು ವಾಕ್ಯ. ಫೋರ್ಮನ್ ಜಾಗ ಇನ್ನೂ ಖಾಲಿ ಇತ್ತು. ಪ್ರತಿ ರವಿವಾರ ಜೀಪು ಹತ್ತುವಾಗ ಆ ವಾಕ್ಯವನ್ನು ಹಿಂದಿಯಲ್ಲಿ ಕೂಡಿಸಿಟ್ಟುಕೊಳ್ಳುತ್ತಿದ್ದೆ. ಈಗ ಹೇಳಲೇ, ಈ ಮೀನು ಸಿಕ್ಕ ಮೇಲೆ ಹೇಳಲೇ, ಚಹಾ ಕುಡಿಯುವಾಗ ಹೇಳಲೇ. ಸೂರ್ಯ ಕಾಡಿನ ಹಿಂದೆ ಇಳಿಯುತ್ತಿದ್ದ. ವಾಕ್ಯ ಹಾಗೇ ಮನೆಗೆ ವಾಪಸು ಬರುತ್ತಿತ್ತು.

ಮಾತು ಆಡುತ್ತಿದ್ದುದು ಕಡಿಮೆ. ಅವರದು ಅರ್ಧ ಹಿಂದಿ ಅರ್ಧ ಇಂಗ್ಲಿಷು, ಬಂಗಾಲಿ ಬಾಯಲ್ಲಿ ನನ್ನ ಹೆಸರು ಚೊನ್ನೊ. ಮಳೆಗಾಲದಲ್ಲಿ ಕಾಡಿನ ದಾರಿ ಮುಚ್ಚುವ ಮುಂಚೆ ಎಷ್ಟು ಮಾಲು ತರಿಸಿಕೊಳ್ಳಬಹುದು, ಹಮಾಲರಿಗೆ ನೆರಳು ಇದೆಯೇ, ಇಂಥವೇ ಕೇಳುವರು. ನಮ್ಮ ಊರಿನಲ್ಲಿ ಮನೆಯ ಹಿಂದೆಯೇ ಕೆರೆ ಇತ್ತು, ಚಿಕ್ಕಪ್ಪನ ಜೊತೆ ಕೂರುತ್ತಿದ್ದೆ ಎಂದು ಒಮ್ಮೆ ಹೇಳಿದರು. ಅವರ ಹೆಂಡತಿ ಮಕ್ಕಳು ಕಲಕತ್ತೆಯಲ್ಲಿದ್ದರು. ದೊಡ್ಡ ಬಂಗಲೆಯಲ್ಲಿ ಒಬ್ಬರೇ.

ಇತ್ತ ಕಾರ್ಖಾನೆಯಲ್ಲಿ ನಾನು ಬೇರೆಯೇ ಮನುಷ್ಯನಾಗಿಬಿಟ್ಟಿದ್ದೆ. ಹಾಜರಿ ಬರೆಯುವ ಟೈಂ ಆಫೀಸಿನ ಹಿರಿಯ ಗುಮಾಸ್ತರು ಎದ್ದು ನಿಂತು ಬರ್ರಿ ಬರ್ರಿ ಎನ್ನತೊಡಗಿದರು. ಕ್ಯಾಂಟೀನಿನಲ್ಲಿ ನನ್ನ ಚಹಾ ಮೊದಲು ಬರುತ್ತಿತ್ತು. ಸಂಜೆ ಮನೆಗೆ ಜನ. ಒಬ್ಬರ ಮನೆಯ ಹಂಚು ಸೋರುತ್ತಿತ್ತು, ಇನ್ನೊಬ್ಬರ ಅಣ್ಣನ ಮಗನಿಗೆ ಕೆಲಸ ಬೇಕು, ಮತ್ತೊಬ್ಬರಿಗೆ ಪಾಳಿ ಬದಲಾಗಬೇಕು. ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ದೊಡ್ಡಸ್ತಿಕೆಗೆ ಹಾಗನ್ನುತ್ತಾನೆ ಎಂದುಕೊಳ್ಳುವರು. ಕೊನೆಗೆ 'ನೋಡೂಣು' ಎನ್ನಲು ಕಲಿತೆ. ಆ ಮಾತಿನಿಂದ ಅವರಿಗೆ ಸಮಾಧಾನ, ನನಗೆ ನಿದ್ದೆಗೇಡು.

ಕುಲಕರ್ಣಿಯವರು ನನ್ನನ್ನು ಬೈಯುವುದನ್ನು ಬಿಟ್ಟರು. ಮೊದಲು ಅದು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. 'ಲೇ ಚನ್ನ್ಯಾ' ಹೋಗಿ 'ಚನ್ನವೀರಪ್ಪನವರ' ಆಯಿತು. ಮರುವರ್ಷ ಮಳೆಗೆ ಮುಂಚೆ ಮಾಲು ಒತ್ತೊತ್ತಾಗಿ ಬಂತು. ಜಾಗ ಸಾಲದೆ, ಹೊಸ ಮಾಲನ್ನು ಯಾರ್ಡಿನ ಕೆಳಬದಿಗೆ, ಹಳ್ಳದ ಕಡೆಗೆ ಒಟ್ಟಿಸಿದೆ. ಕುಲಕರ್ಣಿಯವರು ಅಲ್ಲಿ ಬಂದು ನಿಂತು, ನೋಡಿ, ಏನೋ ಹೇಳಲು ಬಾಯಿ ತೆರೆದು ಸುಮ್ಮನೆ ಹೋದರು. ಎರಡು ವಾರ ಜಡಿಮಳೆ ಹೊಡೆಯಿತು. ಹಳ್ಳ ತಿರುಗಿ ನೀರು ಬಣವಿಗಳ ಬುಡಕ್ಕೆ ನುಗ್ಗಿತು. ನೀರು ಇಳಿದ ಮೇಲೆ ಮೇಲಿನದನ್ನು ಸರಿಸಿ ನೋಡಿದರೆ ಕೆಳಗಿನದೆಲ್ಲ ಕರ್ರಗಾಗಿ, ಹಿಡಿದರೆ ಬೆರಳಿಗೆ ಹತ್ತುತ್ತಿತ್ತು. ಸರಿಯಾದ ಮಾಲಿಲ್ಲದೆ ಯಂತ್ರ ಅರ್ಧ ದಿನ ನಿಂತಿತು. ಕಾರಣ ನಾನು.

ಕುಲಕರ್ಣಿಯವರ ಬಳಿ ಹೋಗಿ, ನೀವು ಅವತ್ತು ನೋಡಿದ್ರಲ್ರಿ, ಯಾಕ ಹೇಳಲಿಲ್ಲ ಎಂದು ಕೇಳಿದೆ. ಅವರು ಛತ್ರಿ ಮಡಚುತ್ತಿದ್ದರು. ತಲೆ ಎತ್ತದೆ ಹೇಳಿದರು.

'ನಿಮಗ ಹೇಳಾವ್ರು ನಾವು ಯಾರ್ರೀ? ನೀವು ಸಾಹೇಬ್ರ ಪಕ್ಕದಾಗ ಕೂಡಾವ್ರು.'

ಯಾರ್ಡಿನಲ್ಲಿ ನನಗೆ ಕಲಿಸುವವರು ಯಾರೂ ಉಳಿದಿರಲಿಲ್ಲ. ಹಮಾಲರ ಗುಂಪಿನ ಹಿರಿಯಾಳು, ಮುಕಾದಮ ಯಲ್ಲಪ್ಪ ಕೂಡ ನಾನು ಬಂದರೆ ತಂಬಾಕು ಬಾಯಿಂದ ತೆಗೆದು ನಿಲ್ಲುತ್ತಿದ್ದ. ಮೊದಲು ನಾವಿಬ್ಬರೂ ಒಂದೇ ಕಲ್ಲಿನ ಮೇಲೆ ಕೂತು ರೊಟ್ಟಿ ತಿಂದವರು. ಸವದತ್ತಿ ಕಡೆಯವನು, ನನಗಿಂತ ಹಿರಿಯ, ಬಣವಿ ಒಟ್ಟುವುದರಲ್ಲಿ ಅವನಿಗೆ ಸರಿಸಾಟಿ ಯಾರೂ ಇರಲಿಲ್ಲ.

ಆ ಚಳಿಗಾಲದಲ್ಲಿ ಮಾವ ಮತ್ತೆ ಬಂದರು. ಜಾಗ ತುಂಬುತ್ತಾರೆ ಎಂದು ಖಾತ್ರಿ ಸುದ್ದಿ. ಈ ರವಿವಾರ ಕೇಳಲೇಬೇಕು ಎಂದು ನೀಲವ್ವನ ಮುಂದೆ ನನ್ನಿಂದ ಮಾತು ತೆಗೆದುಕೊಂಡರು. ಅಂದು ದಂಡೆಯ ಮೇಲೆ ಕೂತು ಇನ್ನೇನು ಬಾಯಿ ತೆರೆಯಬೇಕು, ಸಾಹೇಬರೇ ಮಾತು ತೆಗೆದರು. ಬೆಂಡಿನಿಂದ ಕಣ್ಣು ಕೀಳದೆ, ತಮಗೆ ತಾವೇ ಹೇಳಿಕೊಂಡ ಹಾಗೆ.

'ನಿನ್ನನ್ನು ಯಾಕೆ ಕರೆದುಕೊಂಡು ಬರುತ್ತೇನೆ ಗೊತ್ತೆ ಚೊನ್ನೊ? ಕಾರ್ಖಾನೆಯಲ್ಲಿ ನನ್ನ ಹತ್ತಿರ ಬರುವ ಪ್ರತಿಯೊಬ್ಬನೂ ಏನೋ ಕೇಳಲು ಬರುತ್ತಾನೆ. ನೀನೊಬ್ಬ ಸುಮ್ಮನೆ ಕೂರುತ್ತೀ.'

ಸುಮ್ಮನೆ! ಎರಡು ಮಳೆಗಾಲ ಆ ದಂಡೆಯ ಮೇಲೆ ನಾನು ಒಂದು ಗಳಿಗೆಯೂ ಸುಮ್ಮನೆ ಕೂತಿರಲಿಲ್ಲ. ಆದರೆ ಕೂಡಿಸಿಟ್ಟ ವಾಕ್ಯವನ್ನು ಹಾಗೇ ಒಳಗಿಟ್ಟುಕೊಂಡೆ. ಅವರ ಪಕ್ಕದ ಜಾಗ ನನ್ನದು, ಏನೂ ಕೇಳದಿರುವ ತನಕ ಮಾತ್ರ. ಕೇಳಿದ ಮರುಕ್ಷಣ ನಾನೂ ಪಡಸಾಲೆಯಲ್ಲಿ ಡಬ್ಬಿ ಇಟ್ಟುಕೊಂಡು ಕೂತವರಲ್ಲಿ ಒಬ್ಬ. ಮನೆಗೆ ಬಂದು, ಕೇಳಲಿಲ್ಲ ಎಂದೆ. ಮಾವ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಾನು ಊಟದ ನಡುವೆ ಏಳುವುದು ಹೆಚ್ಚಾಯಿತು. ನೀಲವ್ವ ನೋಡಿ ನೋಡಿ ತಟ್ಟೆ ಮುಚ್ಚಿಡುತ್ತಿದ್ದಳು.

ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಯಲ್ಲಪ್ಪ ಬಣವಿಯಿಂದ ಕಾಲು ತಪ್ಪಿ ಬಿದ್ದ. ಎತ್ತರವಿರಲಿಲ್ಲ, ಕಾಲು ಉಳುಕಿತು ಅಷ್ಟೇ. ಆದರೆ ಯಲ್ಲಪ್ಪ ಬೀಳುವುದೆಂದರೆ ಕೋತಿ ಮರದಿಂದ ಬಿದ್ದ ಹಾಗೆ. ಮರುದಿನ ಅವನ ಹೆಂಡತಿ ನಮ್ಮ ಮನೆಗೆ ಬಂದು, ಹೊಸ್ತಿಲಲ್ಲೇ ಕೂತು, ನೀಲವ್ವನಿಗೆ ಹೇಳಿದಳು. ಅವನಿಗೆ ಕೆಲವು ತಿಂಗಳಿಂದ ಹೊತ್ತು ಮುಳುಗಿದರೆ ಕಣ್ಣು ಕಾಣುವುದಿಲ್ಲ. ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತಾನೆ. ಅವನ ಗುಂಪಿಗೆ ಆಗ ರಾತ್ರಿ ಪಾಳಿ ಬಂದಿತ್ತು. ಆಫೀಸಿನಲ್ಲಿ ಹೇಳಿದರೆ ಕುರುಡ ಎಂದು ಕೆಲಸದಿಂದಲೇ ತೆಗೆದಾರು ಎಂದು ಅಂಜಿ, ಯಾರಿಗೂ ಹೇಳದೆ ಕಾಲಿನಿಂದ ತಡವಿ ತಡವಿ ಬಿದಿರಿನ ಮೇಲೆ ನಡೆಯುತ್ತಿದ್ದ. ಹಗಲ ಪಾಳಿ ಕೊಡಿಸ್ರಿ, ಮತ್ತೇನೂ ಬ್ಯಾಡ ಎಂದಳು.

ನಾನು ಅಭ್ಯಾಸದ ಮೇಲೆ 'ನೋಡೂಣು' ಎಂದೆ. ಅವಳು ಹೋದ ಮೇಲೆ ನೀಲವ್ವ ಒಂದೇ ಮಾತು ಹೇಳಿದಳು.

'ಇದು ನೋಡೂಣು ಅನ್ನೂ ಮಾತಲ್ರಿ. ಆ ಮನಿಷ್ಯಾ ಬಿದ್ರ ಏಳೂದಿಲ್ಲ.'

ಕುಲಕರ್ಣಿಯವರಿಗೆ ಹೇಳಬಹುದಿತ್ತು. ಆದರೆ ಪಾಳಿಯ ಅಧಿಕಾರ ಅವರದಲ್ಲ, ಅದು ಮೇಲೆ ಹೋಗಬೇಕು. ಹೋಗುವ ದಾರಿಯಲ್ಲಿ ಡಾಕ್ಟರು, ಗುಮಾಸ್ತರು, ಎಲ್ಲರ ಬಾಯಿಗೂ ಯಲ್ಲಪ್ಪನ ಕಣ್ಣಿನ ಸುದ್ದಿ ಬೀಳುತ್ತದೆ. ಆ ವಾರವಿಡೀ ಯಾರ್ಡಿನಲ್ಲಿ ನಾನು ಎಷ್ಟು ನಡೆದೆನೋ ದೇವರಿಗೇ ಗೊತ್ತು. ಕೇಳಿದರೆ ಜೀಪು ಮತ್ತೆ ಬರುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿತ್ತು. ಜೀಪು ನಿಂತರೆ ಫೋರ್ಮನ್ ಜಾಗದ ಆಸೆಯೂ ನಿಂತ ಹಾಗೆ.

ರವಿವಾರ, ಸಾಹೇಬರು ಗಾಳ ಎಸೆಯುವ ಮೊದಲೇ ಹೇಳಿಬಿಟ್ಟೆ. ಕೂತು ಹೇಳಲಾಗಲಿಲ್ಲ, ನಿಂತೇ ಹೇಳಿದೆ. ಅವರು ದಾರ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ಏನಿತ್ತೋ ತಿಳಿಯಲಿಲ್ಲ. ಎಷ್ಟು ದಿನದಿಂದ ಕಾಣುವುದಿಲ್ಲ, ಡಾಕ್ಟರಿಗೆ ತೋರಿಸಿದ್ದಾನೆಯೇ ಎಂದು ಕೇಳಿದರು. ಆಯಿತು ಎಂದರು. ಗಾಳ ಎಸೆದರು. ಅಂದು ಬೇರೆ ಮಾತಿಲ್ಲ.

ಸೋಮವಾರ ಮಧ್ಯಾಹ್ನದೊಳಗೆ ಯಲ್ಲಪ್ಪನಿಗೆ ಹಗಲ ಪಾಳಿ ಬಂತು. ಒಂದು ವಾರ ನನ್ನನ್ನು ನಡೆಸಿ ನಡೆಸಿ ಬಳಲಿಸಿದ ಕೆಲಸ ಅವರಿಗೆ ಒಂದು ಫೋನಿನಷ್ಟಾಗಿತ್ತು. ದವಾಖಾನೆಗೂ ಅವರೇ ಹೇಳಿದ್ದರು. ಡಾಕ್ಟರು ಯಲ್ಲಪ್ಪನನ್ನು ಕರೆಸಿ, ಇದು ಮೈಯಲ್ಲಿ ಸತ್ವ ಕಡಿಮೆಯಾಗಿ ಬರುವ ರೋಗ, ಕುರುಡಲ್ಲ ಎಂದು ಕುಡಿಯಲು ಎಣ್ಣೆಯ ಔಷಧ ಕೊಟ್ಟರು.

ಮುಂದಿನ ರವಿವಾರ ನಾನು ಹಳೆಯ ಅಂಗಿ ಹಾಕಿಕೊಂಡು ಕೂತೆ. ಜೀಪು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಂದುಕೊಂಡದ್ದೇ ಆಯಿತು. ಕಾಸೀಮ ಎದುರಿಗೆ ಬಂದರೆ ನಾನೇ ಬೇರೆ ದಾರಿ ಹಿಡಿಯುತ್ತಿದ್ದೆ, ಅವನು ಏನಾದರೂ ಹೇಳಿದರೆ ಕೇಳುವುದು ಹೇಗೆ ಎಂದು. ಲೈನಿನ ಜನ ಎರಡು ವಾರ ನೋಡಿದರು, ಮೂರನೆಯ ವಾರ ತಿಳಿದುಕೊಂಡರು. ಸಂಜೆ ಮನೆಗೆ ಬರುವವರು ನಿಂತರು. ಕ್ಯಾಂಟೀನಿನಲ್ಲಿ ಚಹಾ ಎಲ್ಲರ ಜೊತೆ ಬಂತು. ಫೋರ್ಮನ್ ಜಾಗಕ್ಕೆ ಬೇರೆ ವಿಭಾಗದಿಂದ ಒಬ್ಬರು ಬಂದರು. ಒಳ್ಳೆಯ ಕೆಲಸಗಾರರೇ, ಅವರ ಬಗ್ಗೆ ನನ್ನ ತಕರಾರಿಲ್ಲ. ಮಾವ ಒಂದು ಸಲ ಬಂದು, ಚಹಾ ಕುಡಿದು, ನನ್ನ ಮುಖ ನೋಡದೆ ಮಗಳಿಗಷ್ಟೇ ಬರ್ತೇನಿ ಎಂದು ಹೇಳಿ ಹೋದರು.

ಅದೇ ದಿನಗಳಲ್ಲಿ ಒಂದು ಬೆಳಗ್ಗೆ, ಹಳೆಯ ಬಣವಿ ಬಿಟ್ಟು ಹೊಸದರಿಂದ ಮಾಲು ತೆಗೆಸುತ್ತಿದ್ದೆ. ಹಿಂದಿನಿಂದ ಸಿಡಿಲು ಹೊಡೆದ ಹಾಗೆ ದನಿ ಬಂತು.

'ಲೇ ಚನ್ನ್ಯಾ, ನಿನ್ನ ತಲ್ಯಾಗ ಏನೈತೋ? ಮೊದಲು ಬಂದದ್ದು ಮೊದಲು ಅಂತ ಎಷ್ಟು ಸಲ ಬಡಕೋಬೇಕು ನಾ?'

ಹಮಾಲರು ಕೆಲಸ ನಿಲ್ಲಿಸಿ ನೋಡಿದರು. ಕುಲಕರ್ಣಿಯವರು ಅಷ್ಟು ದಿನಗಳ ಬಾಕಿಯನ್ನೆಲ್ಲ ಅಂದೇ ಬೈದರು. ಹಳ್ಳದ ಬದಿಯ ಬಣವಿಯ ಮಾತೂ ಅದರಲ್ಲಿ ಬಂತು. ನಾನು ತಲೆ ತಗ್ಗಿಸಿ ನಿಂತಿದ್ದೆ. ನೋವಾಗಲಿಲ್ಲ. ಬಹಳ ದಿನ ಪರಸ್ಥಳದಲ್ಲಿದ್ದವನಿಗೆ ತನ್ನೂರಿನ ಬಸ್ಸಿನ ಹಾರ್ನು ಕೇಳಿದ ಹಾಗಾಯಿತು. ಆ ಬೇಸಗೆ ಅವರು ನನ್ನನ್ನು ಜೋಯಿಡಾದ ಕಾಡಿಗೆ ಕರೆದುಕೊಂಡು ಹೋದರು. ಬಿದಿರು ಕಡಿಯುವ ಜಾಗ ನೋಡದವನಿಗೆ ಅರ್ಧ ಕೆಲಸವೇ ಗೊತ್ತು ಎಂಬುದು ಅವರ ಮಾತು. ಕೊಂಕಣಿ ಮಾತಾಡುವ ಕಡಿಯುವವರ ಹಿಂದೆ ಗುಡ್ಡ ಹತ್ತಿ ಇಳಿದು, ಯಾವ ಬಿದಿರು ಎಳೆಯದು, ಯಾವುದು ಬಲಿತದ್ದು, ಎಲ್ಲಿ ಕಡಿದರೆ ಮೆಳೆ ಮತ್ತೆ ಚಿಗುರುತ್ತದೆ ಎಂದು ಅಲ್ಲಿ ಕಲಿತೆ. ಮುಂದೆ ನಾನು ಯಾರ್ಡಿನಲ್ಲಿ ಏನಾದರೂ ಆದೆನಾದರೆ ಆ ಗುಡ್ಡಗಳಿಂದ. ಆದದ್ದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರಿಗೂ ವಯಸ್ಸಾಗುತ್ತ ಏನೋ ಒಂದು ಆಗುತ್ತದೆ.

ಯಲ್ಲಪ್ಪನ ಕಣ್ಣು ಆ ಔಷಧದಿಂದ ಮಳೆಗಾಲಕ್ಕೆ ಮುಂಚೆಯೇ ಪೂರಾ ನೆಟ್ಟಗಾಯಿತು. ಒಂದು ದಿನ ಬಂದು, ರೊಟ್ಟಿ ತಿನ್ನುವ ಕಲ್ಲಿನ ಮೇಲೆ ನನ್ನ ಪಕ್ಕ ಕೂತು, ಹಗಲಿನ ಬಿಸಿಲು ತಡೆಯಲಾಗುತ್ತಿಲ್ಲ, ರಾತ್ರಿ ಪಾಳಿಯೇ ತಂಪು, ಮತ್ತೆ ಅದಕ್ಕೇ ಹಾಕಿಸಿಕೊಡಿ ಎಂದ. ನಾನು ಅವನ ಮುಖವನ್ನೇ ನೋಡಿದೆ. ಅವನು ಪೂರ್ತಿ ನಿರ್ಮಲವಾಗಿ ಕೇಳುತ್ತಿದ್ದ. ಇನ್ನು ಮೇಲೆ ನೀನೇ ಕೇಳಿಕೊಳ್ಳೋ ಮಾರಾಯಾ ಎಂದೆ. ಅವನೇ ಹೋಗಿ ಕೇಳಿದ. ಕೊಟ್ಟರು.

ಮರುವರ್ಷ ಸಾನ್ಯಾಲ ಸಾಹೇಬರು ಕೆಲಸ ಬಿಟ್ಟು ಕಲಕತ್ತೆಗೆ ಹೊರಟರು. ಆಗ ದಾಂಡೇಲಿಯಿಂದ ಅಳ್ನಾವರಕ್ಕೆ ರೈಲು ಇತ್ತು. ಕಳಿಸಿಕೊಡಲು ಸ್ಟೇಶನ್ನಿಗೆ ಬಹಳ ಜನ ಬಂದಿದ್ದರು, ಹೂವಿನ ಹಾರದಲ್ಲಿ ಅವರ ಗದ್ದ ಮುಚ್ಚಿತ್ತು. ನಾನು ಹೋಗಬೇಕೋ ಬೇಡವೋ ಎಂದು ಬೆಳಗಿನಿಂದ ಒದ್ದಾಡಿ, ಕೊನೆಗೆ ಹೋಗಿ, ಗೂಡ್ಸ್ ಶೆಡ್ಡಿನ ಕಂಬದ ಬಳಿ ಅತ್ತಿಂದಿತ್ತ ತಿರುಗುತ್ತಿದ್ದೆ. ರೈಲು ಡಬ್ಬಿಯ ಕಿಟಕಿಯಲ್ಲಿ ಕೂತ ಮೇಲೆ ಅವರು ನನ್ನನ್ನು ಕಂಡು ಕೈಯಿಂದ ಕರೆದರು. ಜನ ಸರಿದು ದಾರಿ ಬಿಟ್ಟರು.

'ಚೊನ್ನೊ, ನಾನು ಹೋಗುವ ಮುಂಚೆ ಒಂದು ಸಲ ನದಿಗೆ ಹೋಗೋಣ ಎಂದಿದ್ದೆ, ಆಗಲೇ ಇಲ್ಲ. ಈ ಹಾಳು ಸೊಂಟ. ಡಾಕ್ಟರು ದಂಡೆಯ ಮೇಲೆ ಕೂರಲೇಬೇಡ ಎಂದುಬಿಟ್ಟರು. ಕಾಸೀಮ ನಿನಗೆ ಹೇಳಿರಬೇಕು.'

ಕಾಸೀಮನಿಂದ ತಪ್ಪಿಸಿಕೊಂಡು ತಿರುಗಿದವನು ನಾನು. ಹೌದ್ರಿ ಎಂದೆ. ಅವರು ಮುಂದುವರಿಸಿದರು.

'ಕುಲಕರ್ಣಿಯ ಕೆಳಗಿನ ಆ ಜಾಗಕ್ಕೆ ನಿನ್ನ ಹೆಸರು ನನ್ನ ತಲೆಯಲ್ಲಿತ್ತು. ಆದರೆ ನೀನು ಒಂದು ದಿನವೂ ಅದರ ಮಾತೆತ್ತಲಿಲ್ಲ. ಒಂದು ಕಡೆ ಕೂರಲಾರದವನು, ಇವನಿಗೆ ಮೇಜು ಕುರ್ಚಿ ಬೇಡವೇನೋ ಎಂದುಕೊಂಡೆ. ಬೇಕಿತ್ತೆ?'

ಗಾರ್ಡು ಹಸಿರು ಬಾವುಟ ಬೀಸಿದ. ಬೇಕಿತ್ತು ಎಂದೆ. ಗದ್ದಲದಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ. ಕಿವಿಗೆ ಕೈ ಹಚ್ಚಿ ಬಗ್ಗಿದರು. ರೈಲು ಹೊರಟಿತು. ಇನ್ನೊಮ್ಮೆ ಹೇಳಲಿಲ್ಲ, ಕೈಮುಗಿದೆ. ಅವರೂ ಹಾರಗಳ ನಡುವಿನಿಂದ ಕೈ ತೆಗೆದು ಮುಗಿದರು.

ಜನ ಕರಗಿದ ಮೇಲೆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತೆ. ಅಷ್ಟು ಹೊತ್ತು, ಏಳದೆ, ನಾನು ಎಲ್ಲಿಯೂ ಕೂತವನಲ್ಲ. ನದಿಯ ದಂಡೆಯಲ್ಲಿ ಅವರು ಆಡಿದ ಮಾತನ್ನು ನಾನು ಶಾಸನದ ಹಾಗೆ ಹೊತ್ತುಕೊಂಡು ತಿರುಗಿದ್ದೆ. ಅವರಿಗೆ ಅದು ಒಂದು ಸಂಜೆಯ ಮಾತು. ನನ್ನ ಕಾಲಿನ ಚಡಪಡಿಕೆ ನೋಡಿ ಅವರು ನನ್ನ ಮನಸ್ಸು ಓದಿಕೊಂಡಿದ್ದರು. ಅವರ ಸೊಂಟದ ನೋವನ್ನು ನಾನು ಸಿಟ್ಟು ಎಂದು ಓದಿಕೊಂಡಿದ್ದೆ. ಅಷ್ಟು ರವಿವಾರ ಪಕ್ಕಪಕ್ಕದಲ್ಲಿ ಕೂತವರು ನಾವು.

ರೈಲಿನ ಹೊಗೆ ಕಾಡಿನ ಮೇಲೆ ಇನ್ನೂ ಕಾಣುತ್ತಿತ್ತು. ಸ್ಟೇಶನ್ ಮಾಸ್ತರರು ಬಂದು, ಇವತ್ತು ಮತ್ತ ಗಾಡಿ ಇಲ್ಲರಿ, ಯಾರ ಹಾದಿ ಕಾಯತೀರಿ ಎಂದು ಕೇಳಿದರು. ಯಾರದೂ ಇಲ್ಲ ಎಂದೆ. ಆದರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.